ನಿಯೋಡಿಮಿಯಮ್ ಅಯಸ್ಕಾಂತದ ಬಲ ಎಲ್ಲಿಂದ ಬರುತ್ತದೆ, ಬಿಸಿ ತಗುಲಿದರೆ ಏಕೆ ಹೋಗುತ್ತದೆ?

ಪ್ರೌಢಶಾಲಾ ಶಿಕ್ಷಕಿ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತನೇ ತರಗತಿಯ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಕೈಯಿಂದ ತಿರುಗಿಸುವ ಸಣ್ಣ ಜನರೇಟರ್ ಒಂದನ್ನು ಸಿದ್ಧಪಡಿಸುತ್ತಿದ್ದಾರೆ. ಅದಕ್ಕಾಗಿ ಅಂಗಡಿಯವರು ನಿಯೋಡಿಮಿಯಮ್ ಮ್ಯಾಗ್ನೆಟ್ ಎಂದು ಕೊಡುವ ಹೊಳಪಿನ ದುಂಡು ಬಿಲ್ಲೆಗಳನ್ನು ತರಿಸಿದ್ದೇವೆ. ತಂತಿಗೆ ಬೆಸುಗೆ ಹಾಕುವಾಗ ಸೋಲ್ಡರಿಂಗ್ ಐರನ್‌ನ ತುದಿ ಒಂದು ಬಿಲ್ಲೆಗೆ ತಾಗಿಕೊಂಡೇ ಇತ್ತಂತೆ. ತಣಿದ ಮೇಲೆ ಆ ಬಿಲ್ಲೆ ಗುಂಡುಸೂಜಿಯನ್ನೂ ಸರಿಯಾಗಿ ಎತ್ತದಿದ್ದುದನ್ನು ಮಕ್ಕಳೇ ಗಮನಿಸಿ ನನ್ನ ಬಳಿ ಬಂದರು. ನೋಡುವುದಕ್ಕೆ ಅದರಲ್ಲಿ ಯಾವ ಬದಲಾವಣೆಯೂ ಇಲ್ಲ.

ಅವರ ಪ್ರಶ್ನೆಗಳು ಇವು. ಈ ಬಿಲ್ಲೆ ಪೂರ್ತಿ ನಿಯೋಡಿಮಿಯಮ್ ಲೋಹದ್ದೇ? ಬಿಸಿಯಾದಾಗ ಹೋದ ಬಲವನ್ನು ಮತ್ತೆ ತರಲು ಸಾಧ್ಯವೇ? ಇದರ ಅದಿರು ಕೇರಳದ ಕಡಲತೀರದಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿದ ಹುಡುಗಿಯೊಬ್ಬಳು, ಹಾಗಿದ್ದರೆ ಮ್ಯಾಗ್ನೆಟ್ಟುಗಳು ಏಕೆ ಚೀನಾದಿಂದ ಬರುತ್ತವೆ ಎಂದು ಕೇಳಿದಳು. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು. ಉತ್ತರ ದೀರ್ಘವಾದರೂ ಚಿಂತೆಯಿಲ್ಲ.

ಕಾಂತವಸ್ತು ಸಂಶೋಧಕ, ಬೆಂಗಳೂರು

ಮೇಡಂ, ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಶುದ್ಧ ನಿಯೋಡಿಮಿಯಮ್ ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತವೇ ಅಲ್ಲ. ಆವರ್ತ ಕೋಷ್ಟಕದಲ್ಲಿ 60ನೆಯ ಸ್ಥಾನದಲ್ಲಿರುವ ಇದು ಬೆಳ್ಳಿಯ ಬಣ್ಣದ ಲೋಹ, ಸುಮಾರು 1,020 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗಾಳಿಗೆ ಬಿಟ್ಟರೆ ಬೇಗ ಮಂಕಾಗುತ್ತದೆ, ಮೇಲೆ ಕೂತ ಆಕ್ಸೈಡ್ ಹಕ್ಕಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳಲ್ಲಿ ಇದನ್ನು ಖನಿಜ ತೈಲದಲ್ಲಿ ಮುಳುಗಿಸಿ ಇಡುತ್ತಾರೆ.

ನಿಮ್ಮ ಬಿಲ್ಲೆಯಲ್ಲಿರುವುದು ನಿಯೋಡಿಮಿಯಮ್, ಕಬ್ಬಿಣ ಮತ್ತು ಬೋರಾನ್ ಸೇರಿದ ಸಂಯುಕ್ತ. ಅದರ ಒಂದು ಘಟಕದಲ್ಲಿ 2 ನಿಯೋಡಿಮಿಯಮ್, 14 ಕಬ್ಬಿಣ, 1 ಬೋರಾನ್ ಪರಮಾಣುಗಳಿರುತ್ತವೆ. ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. ಪರಮಾಣು ತೂಕಗಳನ್ನು 144.2, 55.8 ಮತ್ತು 10.8 ಎಂದು ಹಿಡಿದರೆ ಒಟ್ಟು ತೂಕದಲ್ಲಿ ಕಬ್ಬಿಣವೇ ಶೇ 72ರಷ್ಟು, ನಿಯೋಡಿಮಿಯಮ್ ಶೇ 27ರಷ್ಟು, ಬೋರಾನ್ ಕೇವಲ ಶೇ 1 ಎಂದು ಬರುತ್ತದೆ. ಕಾರ್ಖಾನೆಗಳಲ್ಲಿ ತಯಾರಿಕೆಯ ಅನುಕೂಲಕ್ಕಾಗಿ ವಿರಳ ಭೂಧಾತುಗಳ, ಅಂದರೆ ನಿಯೋಡಿಮಿಯಮ್ ಮತ್ತು ಅದರ ಗುಂಪಿನ ಧಾತುಗಳ, ಪಾಲನ್ನು ಶೇ 30ರ ಆಸುಪಾಸಿಗೆ ಏರಿಸುತ್ತಾರೆ.

ಹಾಗಾದರೆ ನಿಯೋಡಿಮಿಯಮ್ ಅಲ್ಲಿ ಮಾಡುವ ಕೆಲಸವೇನು? ಅಯಸ್ಕಾಂತದ ಬಲದ ಬಹುಪಾಲು ಕಬ್ಬಿಣದ್ದೇ. ಆದರೆ ಬರಿಯ ಕಬ್ಬಿಣದಲ್ಲಿ ಪರಮಾಣುಗಳ ಕಾಂತೀಯ ದಿಕ್ಕನ್ನು ಸುಲಭವಾಗಿ ಬದಲಿಸಬಹುದು, ಆದ್ದರಿಂದ ಅದು ಶಾಶ್ವತ ಅಯಸ್ಕಾಂತವಾಗಿ ಉಳಿಯುವುದಿಲ್ಲ. ನಿಯೋಡಿಮಿಯಮ್ ಪರಮಾಣುವಿನ ಒಳಕವಚದಲ್ಲಿರುವ 4ಎಫ್ ಎಲೆಕ್ಟ್ರಾನುಗಳ ಹರವು ಪೂರ್ಣ ಗೋಲಾಕಾರದಲ್ಲಿಲ್ಲ, ಒಂದು ದಿಕ್ಕಿನಲ್ಲಿ ಚಪ್ಪಟೆಯಾಗಿದೆ. ಈ ಹರಳಿನಲ್ಲಿ ಒಂದು ಅಕ್ಷ ಉಳಿದೆರಡಕ್ಕಿಂತ ಉದ್ದವಾಗಿದ್ದು, ಆ ಚಪ್ಪಟೆ ಹರವು ನೆಮ್ಮದಿಯಾಗಿ ಕೂರುವುದು ಆ ಅಕ್ಷಕ್ಕೆ ಸಂಬಂಧಿಸಿದ ಒಂದೇ ಭಂಗಿಯಲ್ಲಿ. ಅದನ್ನು ಅಲ್ಲಿಂದ ತಿರುಗಿಸಲು ಬಹಳ ಶಕ್ತಿ ಬೇಕಾಗುತ್ತದೆ. ನಿಯೋಡಿಮಿಯಮ್ ಹೀಗೆ ತನ್ನ ದಿಕ್ಕನ್ನು ಬಿಡದಿರುವುದರಿಂದ ಅದಕ್ಕೆ ಕಟ್ಟುಬಿದ್ದ ಕಬ್ಬಿಣವೂ ದಿಕ್ಕು ಬಿಡುವುದಿಲ್ಲ. ಬೋರಾನ್ ಆ ಹರಳಿನ ರಚನೆ ಕುಸಿಯದಂತೆ ನೋಡಿಕೊಳ್ಳುತ್ತದೆ. ಈ ಮೂರು ಪಾತ್ರಗಳು ಒಂದೇ ಹರಳಿನಲ್ಲಿ ಕೂಡಿಬಂದಿರುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಇದರ ಹುಟ್ಟಿನ ಹಿನ್ನೆಲೆಯನ್ನೂ ಮಕ್ಕಳಿಗೆ ಹೇಳಬೇಕು. 1970ರ ದಶಕದಲ್ಲಿ ಅತಿ ಬಲಶಾಲಿಯಾಗಿದ್ದುದು ಸಮೇರಿಯಮ್–ಕೋಬಾಲ್ಟ್ ಅಯಸ್ಕಾಂತ. 1978ರಲ್ಲಿ ಆಗಿನ ಜೈರ್ ದೇಶದಲ್ಲಿ, ಅಂದರೆ ಇಂದಿನ ಕಾಂಗೋದಲ್ಲಿ, ಸಂಘರ್ಷ ನಡೆದು ಕೋಬಾಲ್ಟ್ ಬೆಲೆ ವಿಪರೀತ ಏರಿತು. ಕೋಬಾಲ್ಟ್ ಇಲ್ಲದ ಅಯಸ್ಕಾಂತವನ್ನು ಹುಡುಕುತ್ತಿದ್ದ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಬೇರೆ ಬೇರೆ ವಿಧಾನಗಳಿಂದ ಇದೇ ಸಂಯುಕ್ತವನ್ನು ತಲುಪಿ, 1983ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಒಂದೇ ಸಮ್ಮೇಳನದಲ್ಲಿ ಅದನ್ನು ಪ್ರಕಟಿಸಿದರು.

ಇನ್ನು ಬಿಸಿಯ ವಿಷಯ. ಈ ಸಂಯುಕ್ತದ ಕ್ಯೂರಿ ತಾಪಮಾನ ಸುಮಾರು 312 ಡಿಗ್ರಿ ಸೆಲ್ಸಿಯಸ್, ಅದನ್ನು ದಾಟಿದರೆ ಅಯಸ್ಕಾಂತತ್ವ ಪೂರ್ತಿ ಅಳಿಯುತ್ತದೆ. ಸೋಲ್ಡರಿಂಗ್ ಐರನ್‌ನ ತುದಿ 350 ಡಿಗ್ರಿಯ ಸುಮಾರಿನಲ್ಲಿರುತ್ತದೆ. ಆದರೆ ಹಾನಿ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ದರ್ಜೆಯ ಬಿಲ್ಲೆ ತಾಳುವುದು ಸುಮಾರು 80 ಡಿಗ್ರಿಯವರೆಗೆ ಮಾತ್ರ, ತೆಳುವಾಗಿದ್ದರೆ ಇನ್ನೂ ಕಡಿಮೆ. ಹರಳಿನ ರಚನೆ ಹಾಳಾಗಿಲ್ಲದಿದ್ದರೆ ಬಲವನ್ನು ಮರಳಿ ತುಂಬಬಹುದು, ಆದರೆ ಅದಕ್ಕೆ ಸುಮಾರು 3 ಟೆಸ್ಲಾ ಪ್ರಬಲತೆಯ ಕಾಂತಕ್ಷೇತ್ರವನ್ನು ಕ್ಷಣಕಾಲ ಕೊಡುವ ಯಂತ್ರ ಬೇಕು. ಇನ್ನೊಂದು ಮ್ಯಾಗ್ನೆಟ್ಟಿನಿಂದ ಉಜ್ಜಿದರೆ ಆಗುವ ಕೆಲಸವಲ್ಲ ಇದು.

ಮೋಟಾರ್ ವೈಂಡಿಂಗ್ ಕೆಲಸಗಾರ, ಹುಬ್ಬಳ್ಳಿ

ಸಂಶೋಧಕರು ಹೇಳಿದ 80 ಡಿಗ್ರಿಯ ಮಾತಿಗೆ ನನ್ನ ಕೆಲಸದ ಅನುಭವದಿಂದ ಒಂದಿಷ್ಟು ಸೇರಿಸುತ್ತೇನೆ. ಎಲೆಕ್ಟ್ರಿಕ್ ಸ್ಕೂಟರಿನ ಹಬ್ ಮೋಟಾರ್ ಬಿಚ್ಚಿದರೆ ಹೊರಗಿನ ಉಕ್ಕಿನ ಬಳೆಯ ಒಳಮೈಗೆ ಪಟ್ಟಿ ಪಟ್ಟಿಯಾಗಿ ಮ್ಯಾಗ್ನೆಟ್ಟುಗಳನ್ನು ಅಂಟಿಸಿರುತ್ತಾರೆ. ಒಂದರ ಉತ್ತರ ಧ್ರುವ ಒಳಮುಖವಾಗಿದ್ದರೆ ಪಕ್ಕದ್ದರ ದಕ್ಷಿಣ ಧ್ರುವ ಒಳಮುಖವಾಗಿರುತ್ತದೆ. ವೈಂಡಿಂಗ್ ಸುಟ್ಟು ಬಂದ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಟ್ಟರೂ ಗಾಡಿ ಏರು ಹತ್ತುವುದಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದು ಗಿರಾಕಿಗಳು ಮತ್ತೆ ಬರುವುದುಂಟು. ಅಂಥ ಸಂದರ್ಭಗಳಲ್ಲಿ ವೈಂಡಿಂಗ್‌ನ ಜೊತೆಗೆ ಮ್ಯಾಗ್ನೆಟ್ಟುಗಳೂ ಬಿಸಿಗೆ ಸೋತಿರುವ ಸಾಧ್ಯತೆಯನ್ನು ನೋಡಬೇಕು. ಕೈಯಿಂದ ತಿರುಗಿಸಿ ಅದು ಹುಟ್ಟಿಸುವ ವೋಲ್ಟೇಜನ್ನು ಅದೇ ಮಾದರಿಯ ಒಳ್ಳೆಯ ಮೋಟಾರಿನೊಂದಿಗೆ ಹೋಲಿಸಿದರೆ ತಿಳಿಯುತ್ತದೆ.

ಮ್ಯಾಗ್ನೆಟ್ ಕೊಳ್ಳುವಾಗ ದರ್ಜೆಯ ಅಕ್ಷರಗಳನ್ನು ನೋಡುವುದು ಮುಖ್ಯ. ‘ಎನ್35’, ‘ಎನ್52’ ಎಂಬಲ್ಲಿನ ಸಂಖ್ಯೆ ಬಲವನ್ನು ಸೂಚಿಸುತ್ತದೆ. ಅದರ ಮುಂದೆ ಬರುವ ‘ಎಚ್’ 120 ಡಿಗ್ರಿ, ‘ಎಸ್‌ಎಚ್’ 150 ಡಿಗ್ರಿ, ‘ಯುಎಚ್’ 180 ಡಿಗ್ರಿಯವರೆಗಿನ ತಾಳಿಕೆಯನ್ನು ಸೂಚಿಸುತ್ತದೆ. ಸಂಖ್ಯೆ ದೊಡ್ಡದಿದ್ದರೆ ಸಾಕು ಎಂದು ಅಕ್ಷರವಿಲ್ಲದ ಬಿಲ್ಲೆಯನ್ನು ಮೋಟಾರಿಗೆ ಕೂರಿಸಿದರೆ ಬೇಸಿಗೆಯಲ್ಲಿ ಅದು ನಿಲ್ಲುವುದಿಲ್ಲ.

ಇನ್ನೊಂದು ಸೂಚನೆಯಿದೆ. ಬಿಲ್ಲೆಯ ಹೊಳಪು ನಿಕ್ಕಲ್ ಲೇಪದ್ದು. ಅಂಚಿನಲ್ಲಿ ಅದು ಒಂದಿಷ್ಟು ಎದ್ದರೂ ತೇವ ಒಳಸೇರಿ ಕೆಲವು ತಿಂಗಳುಗಳಲ್ಲಿ ಲೇಪ ಉಬ್ಬುತ್ತದೆ, ಒಳಗಿನದು ಬೂದು ಪುಡಿಯಾಗಿ ಉದುರುತ್ತದೆ. ಇದಕ್ಕೆ ಡ್ರಿಲ್ ಹಾಕಲೇಬಾರದು. ಒಡೆಯುವುದು ಒಂದು ಕಡೆಯಾದರೆ, ಅದರ ಸಣ್ಣ ಪುಡಿ ಬೆಂಕಿ ಹೊತ್ತಿಕೊಳ್ಳುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

‘ಎಸ್‌ಎಚ್’ ದರ್ಜೆ ಬಿಸಿಯನ್ನು ತಾಳಲು ಡಿಸ್ಪ್ರೋಸಿಯಮ್ ಎಂಬ ಇನ್ನೊಂದು ವಿರಳ ಭೂಧಾತುವನ್ನು ಸೇರಿಸುತ್ತಾರೆ ಎಂದು ಪಠ್ಯದಲ್ಲಿ ಓದಿದ್ದೇನೆ. ಹಾಗಿದ್ದರೆ ಎಲ್ಲ ಮ್ಯಾಗ್ನೆಟ್ಟುಗಳಿಗೂ ಅದನ್ನು ಸೇರಿಸಿಬಿಟ್ಟರೆ ಸಮಸ್ಯೆ ಮುಗಿಯಿತಲ್ಲವೇ?

ಕಾಂತವಸ್ತು ಸಂಶೋಧಕ, ಬೆಂಗಳೂರು

ಸೇರಿಸಿದಷ್ಟೂ ಬಲ ಕಡಿಮೆಯಾಗುತ್ತದೆ, ತೊಡಕು ಇರುವುದು ಅಲ್ಲಿಯೇ. ನಿಯೋಡಿಮಿಯಮ್‌ನ ಕಾಂತೀಯ ದಿಕ್ಕು ಕಬ್ಬಿಣದ ದಿಕ್ಕಿಗೆ ಸಮನಾಗಿ ನಿಲ್ಲುತ್ತದೆ, ಆದ್ದರಿಂದ ಎರಡೂ ಕೂಡಿಕೊಳ್ಳುತ್ತವೆ. ಡಿಸ್ಪ್ರೋಸಿಯಮ್‌ನದು ಕಬ್ಬಿಣಕ್ಕೆ ವಿರುದ್ಧವಾಗಿ ನಿಲ್ಲುವುದರಿಂದ ಅದು ಒಟ್ಟು ಬಲದಿಂದ ಕಳೆಯುತ್ತದೆ. ಆದರೆ ದಿಕ್ಕನ್ನು ಹಿಡಿದಿಡುವ ಗುಣ ಅದರಲ್ಲಿ ನಿಯೋಡಿಮಿಯಮ್‌ಗಿಂತ ಹೆಚ್ಚು. ಅದಕ್ಕಾಗಿ ಈಗ ಅದನ್ನು ಇಡೀ ಮಿಶ್ರಲೋಹಕ್ಕೆ ಬೆರೆಸುವ ಬದಲು, ಸಿದ್ಧ ಮ್ಯಾಗ್ನೆಟ್ಟಿನ ಮೇಲ್ಮೈಗೆ ಲೇಪಿಸಿ ಸುಮಾರು 900 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಆಗ ಅದು ಹರಳುಕಣಗಳ ನಡುವಿನ ಗಡಿಗಳ ಮೂಲಕ ಒಳಗೆ ಇಳಿದು ಕಣಗಳ ಅಂಚಿನಲ್ಲಷ್ಟೇ ನಿಲ್ಲುತ್ತದೆ. ದಿಕ್ಕು ಕೆಡುವುದು ಸಾಮಾನ್ಯವಾಗಿ ಅಂಚಿನಿಂದಲೇ ಶುರುವಾಗುವುದರಿಂದ ಸ್ವಲ್ಪವೇ ಡಿಸ್ಪ್ರೋಸಿಯಮ್ ಸಾಕಾಗುತ್ತದೆ. ಅದು ನಿಯೋಡಿಮಿಯಮ್‌ಗಿಂತ ಬಹಳ ದುಬಾರಿ, ಸಿಗುವುದೂ ಕಷ್ಟ.

ನಿವೃತ್ತ ರಸಾಯನಶಾಸ್ತ್ರಜ್ಞ, ಕಾಸರಗೋಡು

ವಿರಳ ಭೂಧಾತುಗಳನ್ನು ಬೇರ್ಪಡಿಸುವ ಕೆಲಸದಲ್ಲೇ ನನ್ನ ಉದ್ಯೋಗದ ಬಹುಭಾಗ ಕಳೆದಿದೆ. ಆ ಹುಡುಗಿಯ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕೆನಿಸಿತು.

ಭೂಮಿಯ ಹೊರಪದರದಲ್ಲಿ ನಿಯೋಡಿಮಿಯಮ್ ಸೀಸಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿದೆ. ಸೀಸದ ಗಣಿಯಲ್ಲಿ ಸೀಸ ಒಂದೆಡೆ ಸೇರಿಕೊಂಡಿರುತ್ತದೆ, ಇದು ಹಾಗಲ್ಲ. ಇದು ಎಲ್ಲೆಡೆ ತೆಳುವಾಗಿ ಚದುರಿದೆ, ಸಿಕ್ಕಲ್ಲೂ ತನ್ನ ನೆರೆಯ ಧಾತುಗಳೊಂದಿಗೆ ಬೆರೆತೇ ಇರುತ್ತದೆ. ನಮ್ಮಲ್ಲಿ ಅದರ ಮುಖ್ಯ ಅದಿರು ಮೊನಜೈಟ್. ಕೇರಳದ ಚವರ, ತಮಿಳುನಾಡಿನ ಮನವಾಲಕುರಿಚಿ, ಒಡಿಶಾದ ಛತ್ರಪುರದ ಮರಳಿನಲ್ಲಿ ಇಲ್ಮನೈಟ್, ಜಿರ್ಕಾನ್‌ಗಳ ಜೊತೆ ಹಳದಿ–ಕಂದು ಬಣ್ಣದ ಸಣ್ಣ ಕಾಳುಗಳಾಗಿ ಇದು ಸಿಗುತ್ತದೆ. ದೇಶದ ಮೊನಜೈಟ್ ನಿಕ್ಷೇಪವನ್ನು ಪರಮಾಣು ಖನಿಜ ನಿರ್ದೇಶನಾಲಯ ಸುಮಾರು 1.3 ಕೋಟಿ ಟನ್ ಎಂದು ಅಂದಾಜಿಸಿದೆ. ಅದನ್ನು ಹೊಂದಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿಲ್ಲ.

ಮೊನಜೈಟ್ ಒಂದು ಫಾಸ್ಫೇಟ್. ಅದರ ವಿರಳ ಭೂಧಾತುಗಳಲ್ಲಿ ಅರ್ಧದ ಸಮೀಪದಷ್ಟು ಸೀರಿಯಮ್, ಆನಂತರ ಲ್ಯಾಂಥನಮ್. ನಿಯೋಡಿಮಿಯಮ್ ಸರಿಸುಮಾರು ಐದನೆಯ ಒಂದು ಭಾಗ. ಇವುಗಳ ಜೊತೆ ಭಾರತದ ಮೊನಜೈಟ್‌ನಲ್ಲಿ ಶೇ 8ರಿಂದ 10ರಷ್ಟು ಥೋರಿಯಮ್ ಆಕ್ಸೈಡ್ ಇದೆ. ಥೋರಿಯಮ್ ವಿಕಿರಣಶೀಲ ಧಾತುವಾದ್ದರಿಂದ 1962ರ ಪರಮಾಣು ಶಕ್ತಿ ಕಾಯ್ದೆಯಡಿ ಮೊನಜೈಟ್ ನಿಯಂತ್ರಿತ ವಸ್ತುವಾಗಿತ್ತು, ಅದನ್ನು ಸಂಸ್ಕರಿಸುವ ಕೆಲಸ ಸರ್ಕಾರದ ಸಂಸ್ಥೆಯ ಕೈಯಲ್ಲೇ ಉಳಿಯಿತು. ಆ ಸಂಸ್ಥೆ 1950ರಲ್ಲಿ ಸ್ಥಾಪನೆಯಾದ ಇಂಡಿಯನ್ ರೇರ್ ಅರ್ತ್ಸ್, ಈಗಿನ ಹೆಸರು ಐಆರ್‌ಇಎಲ್. ಅದರ ಆಲುವಾ ಘಟಕ 1952ರಲ್ಲಿ ಕೆಲಸ ಆರಂಭಿಸಿತು.

ಕೆಲಸ ನಡೆಯುವ ಬಗೆ ಹೀಗಿದೆ. ನುಣ್ಣಗೆ ಅರೆದ ಮೊನಜೈಟನ್ನು ಗಾಢವಾದ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಫಾಸ್ಫೇಟ್ ಭಾಗ ಟ್ರೈಸೋಡಿಯಮ್ ಫಾಸ್ಫೇಟ್ ಆಗಿ ನೀರಿಗೆ ಬರುತ್ತದೆ, ಉಳಿದವು ಹೈಡ್ರಾಕ್ಸೈಡ್‌ಗಳಾಗಿ ತಳಕ್ಕೆ ಕೂರುತ್ತವೆ. ಅವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಚ್ಚರಿಕೆಯಿಂದ ಕರಗಿಸಿದರೆ ವಿರಳ ಭೂಧಾತುಗಳು ದ್ರಾವಣಕ್ಕೆ ಬಂದು ಥೋರಿಯಮ್ ಹಿಂದೆ ಉಳಿಯುತ್ತದೆ. ಇಲ್ಲಿಯವರೆಗಿನ ಹಾದಿ ಅಷ್ಟೇನೂ ಕಷ್ಟದ್ದಲ್ಲ. ಆ ಮಿಶ್ರ ಕ್ಲೋರೈಡಿನಿಂದ ನಿಯೋಡಿಮಿಯಮ್ ಒಂದನ್ನೇ ಹೊರತೆಗೆಯುವುದು ನಿಜವಾದ ಕಷ್ಟ. ಈ ಧಾತುಗಳೆಲ್ಲ ಮೂರು ಎಲೆಕ್ಟ್ರಾನ್ ಕಳೆದುಕೊಂಡು ಒಂದೇ ಬಗೆಯ ಅಯಾನುಗಳಾಗುತ್ತವೆ. ವ್ಯತ್ಯಾಸವಿರುವುದು ಗಾತ್ರದಲ್ಲಿ ಮಾತ್ರ. ಪಕ್ಕದ ಧಾತುವಾದ ಪ್ರೆಸಿಯೋಡಿಮಿಯಮ್ ಅಯಾನಿನ ತ್ರಿಜ್ಯಕ್ಕೂ ನಿಯೋಡಿಮಿಯಮ್ ಅಯಾನಿನ ತ್ರಿಜ್ಯಕ್ಕೂ ಇರುವ ಅಂತರ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಬೆರೆತುಹೋದ ಎರಡು ತಳಿಯ ಸಣ್ಣಕ್ಕಿಯನ್ನು ಜರಡಿ ಹಿಡಿದು ಬೇರ್ಪಡಿಸಹೊರಟಂತೆ ಇದು. ಆದ್ದರಿಂದ ಸೀಮೆಎಣ್ಣೆಯಲ್ಲಿ ರಂಜಕದ ಸಾವಯವ ಆಮ್ಲವನ್ನು ಬೆರೆಸಿ, ಅದನ್ನು ನೀರಿನ ದ್ರಾವಣದೊಂದಿಗೆ ಕಲಕಿ, ಎರಡು ಪದರಗಳು ಬೇರೆಯಾಗಲು ಬಿಟ್ಟು, ಮೇಲಿನ ಪದರವನ್ನು ಮುಂದಿನ ತೊಟ್ಟಿಗೂ ಕೆಳಗಿನದನ್ನು ಹಿಂದಿನ ತೊಟ್ಟಿಗೂ ಹರಿಸುತ್ತಾ, ಸಾಲುಸಾಲು ತೊಟ್ಟಿಗಳಲ್ಲಿ ಇದೇ ಕ್ರಿಯೆಯನ್ನು ನಡೆಸಬೇಕಾಗುತ್ತದೆ. ಪ್ರತಿ ಹಂತದಲ್ಲಿ ಸಿಗುವ ಲಾಭ ಅತ್ಯಲ್ಪ. ಒಂದು ಕಡೆ ಆಮ್ಲದ ಮಟ್ಟ ತುಸು ಏರುಪೇರಾದರೂ ಇಡೀ ಸಾಲಿನ ಸಮತೋಲ ಕೆಡುತ್ತದೆ.

ಕೊನೆಗೆ ಬರುವ ಆಕ್ಸೈಡ್ ತಿಳಿ ನೀಲಿ–ನೇರಳೆ ಬಣ್ಣದ ಪುಡಿ. ಅದನ್ನು ಸುಮಾರು 1,050 ಡಿಗ್ರಿಯ ಕರಗಿದ ಫ್ಲೋರೈಡ್ ಲವಣದಲ್ಲಿ ವಿದ್ಯುದ್ವಿಭಜನೆ ಮಾಡಿದರೆ ಲೋಹ ದೊರೆಯುತ್ತದೆ. ಮ್ಯಾಗ್ನೆಟ್ಟಿಗೆ ಪ್ರೆಸಿಯೋಡಿಮಿಯಮ್ ಇದ್ದರೂ ಬಾಧಕವಿಲ್ಲದ ಕಾರಣ ಈಗ ಬಹಳ ಕಡೆ ಇವೆರಡನ್ನು ಬೇರ್ಪಡಿಸದೆ ಜೋಡಿಯಾಗಿಯೇ ಮಾರುತ್ತಾರೆ.

ಯಕ್ಷಗಾನ ಪ್ರೇಮಿ, ಉಡುಪಿ

ಥೋರಿಯಮ್ ಎಂದ ಕೂಡಲೇ ಗ್ಯಾಸ್‌ಲೈಟು ನೆನಪಾಯಿತು. ಬಯಲಾಟದ ರಂಗಸ್ಥಳಕ್ಕೆ ವಿದ್ಯುತ್ ಬರುವ ಮೊದಲು ಬೆಳಕು ಕೊಡುತ್ತಿದ್ದ ಆ ದೀಪದ ಮ್ಯಾಂಟಲ್‌ನಲ್ಲಿ, ಅಂದರೆ ಜ್ವಾಲೆಯಲ್ಲಿ ಕಾದು ಬೆಳಗುವ ಬಲೆಯಲ್ಲಿ, ಇದ್ದುದು ಇದೇ ಥೋರಿಯಮ್ ಎಂದು ಕೇಳಿದ್ದೇನೆ. ಅದಕ್ಕೂ ನಿಯೋಡಿಮಿಯಮ್‌ಗೂ ಸಂಬಂಧವಿದೆಯೇ?

ನಿವೃತ್ತ ರಸಾಯನಶಾಸ್ತ್ರಜ್ಞ, ಕಾಸರಗೋಡು

ಬಹಳ ಹತ್ತಿರದ ಸಂಬಂಧವಿದೆ. 1885ರಲ್ಲಿ ವಿಯೆನ್ನಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್, ಅದುವರೆಗೆ ಒಂದೇ ಧಾತು ಎಂದು ಎಲ್ಲರೂ ತಿಳಿದಿದ್ದ ಡಿಡಿಮಿಯಮ್‌ನ ಲವಣವನ್ನು ಮತ್ತೆ ಮತ್ತೆ ಹರಳುಗಟ್ಟಿಸಿ ನಿಯೋಡಿಮಿಯಮ್ ಮತ್ತು ಪ್ರೆಸಿಯೋಡಿಮಿಯಮ್‌ಗಳಾಗಿ ಬಿಡಿಸಿದರು. ಗ್ಯಾಸ್ ಮ್ಯಾಂಟಲ್‌ನ ಆವಿಷ್ಕಾರವೂ ಅವರದೇ. ಯಶಸ್ವಿಯಾದ ಮ್ಯಾಂಟಲ್‌ನಲ್ಲಿ ಶೇ 99 ಥೋರಿಯಮ್ ಆಕ್ಸೈಡ್, ಶೇ 1 ಸೀರಿಯಮ್ ಆಕ್ಸೈಡ್ ಇರುತ್ತಿತ್ತು. ಆ ಥೋರಿಯಮ್‌ಗಾಗಿಯೇ ಯುರೋಪಿನ ಕಂಪನಿಗಳು ಮೊನಜೈಟನ್ನು ಹುಡುಕುತ್ತಿದ್ದವು. 1909ರಲ್ಲಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಶೋಂಬರ್ಗ್ ಅದನ್ನು ಗುರುತಿಸಿದ ಮೇಲೆ ಕೇರಳದ ಕಡಲತೀರದ ಮರಳಿನ ಗಣಿಗಾರಿಕೆ ಶುರುವಾಯಿತು. ಆ ಕಾಲದಲ್ಲಿ ನಿಯೋಡಿಮಿಯಮ್‌ಗೆ ಹೇಳಿಕೊಳ್ಳುವಂಥ ಬಳಕೆಯೇ ಇರಲಿಲ್ಲ.

ಓದುಗ, ದಾವಣಗೆರೆ

ಇಷ್ಟೆಲ್ಲ ನಮ್ಮಲ್ಲೇ ಇದ್ದರೂ ನಾವು ಹಿಂದೆ ಬಿದ್ದಿರುವುದು ಇಚ್ಛಾಶಕ್ತಿಯ ಕೊರತೆಯಿಂದ ಎಂಬುದು ನನ್ನ ಅಭಿಪ್ರಾಯ. ಮರಳು ನಮ್ಮದು, ವಿಜ್ಞಾನಿಗಳು ನಮ್ಮವರು, ಇನ್ನೇನು ಬೇಕಿತ್ತು?

ಕಾಂತವಸ್ತು ಸಂಶೋಧಕ, ಬೆಂಗಳೂರು

ತಮ್ಮ ಮಾತಿನ ಹಿಂದಿನ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪಲು ಕಷ್ಟವಾಗುತ್ತಿದೆ. ಮರಳಿಗೂ ಮೋಟಾರಿಗೂ ನಡುವೆ ಆಕ್ಸೈಡ್, ಲೋಹ, ಮಿಶ್ರಲೋಹ, ಮ್ಯಾಗ್ನೆಟ್ ಎಂಬ ನಾಲ್ಕು ಉದ್ಯಮಗಳಿವೆ. ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದಿದ್ದು ಮೊದಲನೆಯದು ಮಾತ್ರ. ಮ್ಯಾಗ್ನೆಟ್ ತಯಾರಿಕೆಯ ಹಂತವನ್ನೇ ನೋಡಿ. ಮಿಶ್ರಲೋಹಕ್ಕೆ ಹೈಡ್ರೋಜನ್ ಹೀರಿಸಿ ತಾನಾಗಿ ಬಿರಿಯುವಂತೆ ಮಾಡುತ್ತಾರೆ, 3ರಿಂದ 5 ಮೈಕ್ರಾನ್ ಗಾತ್ರಕ್ಕೆ ಪುಡಿ ಮಾಡುತ್ತಾರೆ, ಗಾಳಿ ತಾಗಿದರೆ ಹೊತ್ತಿಕೊಳ್ಳುವ ಆ ಪುಡಿಯನ್ನು ಕಾಂತಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ಜೋಡಿಸಿ ಒತ್ತುತ್ತಾರೆ, ಸಾವಿರ ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ನಿರ್ವಾತದಲ್ಲಿ ಗಟ್ಟಿಗೊಳಿಸುತ್ತಾರೆ. ಇದರಲ್ಲಿ ಪಳಗಲು ವರ್ಷಗಳು ಬೇಕು, ಪಳಗಿದ ಮೇಲೂ ಕೊಳ್ಳುವವರು ಬೇಕು. ಅಮೆರಿಕವೂ ಇದನ್ನು ಉಳಿಸಿಕೊಳ್ಳಲಿಲ್ಲ. ಜನರಲ್ ಮೋಟಾರ್ಸ್ ಕಟ್ಟಿದ ಮ್ಯಾಗ್ನೆಕ್ವೆಂಚ್ ಎಂಬ ಘಟಕ 1995ರಲ್ಲಿ ಚೀನೀ ಕಂಪನಿಗಳೂ ಇದ್ದ ಕೂಟವೊಂದಕ್ಕೆ ಮಾರಾಟವಾಗಿ, ಮುಂದೆ ಅದರ ತಯಾರಿಕೆ ಚೀನಾಕ್ಕೆ ಸಾಗಿತು. ಚೀನಾದಲ್ಲಿ ಬಾಯನ್ ಓಬೋದಂಥ ಬೃಹತ್ ಗಣಿಯೂ ಇತ್ತು, ನಾಲ್ಕೂ ಹಂತಗಳನ್ನು ದಶಕಗಳ ಕಾಲ ಬಿಡದೆ ಬೆಳೆಸಿದ ನೀತಿಯೂ ಇತ್ತು. ಅದಕ್ಕೆ ಅಲ್ಲಿನ ಮಣ್ಣು, ನೀರು ತೆತ್ತ ಬೆಲೆಯೂ ದೊಡ್ಡದು.

2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣಕ್ಕೆ ಒಳಪಡಿಸಿದ ಏಳು ಧಾತುಗಳ ಪಟ್ಟಿಯಲ್ಲಿ ನಿಯೋಡಿಮಿಯಮ್ ಇರಲಿಲ್ಲ. ಡಿಸ್ಪ್ರೋಸಿಯಮ್, ಟರ್ಬಿಯಮ್ ಇದ್ದವು. ಬಿಸಿ ತಾಳುವ ಮೋಟಾರ್ ಮ್ಯಾಗ್ನೆಟ್ಟುಗಳೆಲ್ಲ ಹಾಗಾಗಿ ಸಿಕ್ಕಿಬಿದ್ದವು, ನಮ್ಮ ವಾಹನ ತಯಾರಕರೂ ಪರದಾಡಿದರು. ಇಲ್ಲಿ ನಾವು ಮರೆಯಬಾರದ ಸಂಗತಿಯೆಂದರೆ ನಮ್ಮ ಮೊನಜೈಟ್‌ನಲ್ಲಿ ನಿಯೋಡಿಮಿಯಮ್ ಸಾಕಷ್ಟಿದ್ದರೂ ಡಿಸ್ಪ್ರೋಸಿಯಮ್ ತೀರಾ ಕಡಿಮೆ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ತಯಾರಿಸುವ ಸಾಮರ್ಥ್ಯಕ್ಕಾಗಿ ₹7,280 ಕೋಟಿಯ ಯೋಜನೆಗೆ ಒಪ್ಪಿಗೆ ನೀಡಿದೆ. ಹಣದಷ್ಟೇ ಮುಖ್ಯವಾದದ್ದು ಕಡಿಮೆ ಡಿಸ್ಪ್ರೋಸಿಯಮ್‌ನಲ್ಲಿ ಕೆಲಸ ನಡೆಸುವ ವಿದ್ಯೆ ಎಂಬುದು ನನ್ನ ದೃಢವಾದ ನಂಬಿಕೆ.

ಮಕ್ಕಳ ಶಸ್ತ್ರವೈದ್ಯೆ, ಶಿವಮೊಗ್ಗ

ಶಾಲೆಯ ವಿಷಯವಾದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಣ್ಣ ಮಗು ಇಂಥ ಎರಡು ಬಿಲ್ಲೆಗಳನ್ನು ಸ್ವಲ್ಪ ಅಂತರದಲ್ಲಿ ನುಂಗಿದರೆ, ಅವು ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿ ನಿಂತು ನಡುವಿನ ಗೋಡೆಯನ್ನು ಅದುಮಿ ಹಿಡಿಯುತ್ತವೆ. ರಕ್ತಸಂಚಾರ ನಿಂತು ಅಲ್ಲಿ ತೂತು ಬೀಳುತ್ತದೆ. ಮೊದಮೊದಲು ಹೊಟ್ಟೆನೋವು, ವಾಂತಿ ಬಿಟ್ಟರೆ ಬೇರೇನೂ ಕಾಣದಿರಬಹುದು. ನುಂಗಿದ ಅನುಮಾನ ಬಂದರೂ ಸಾಕು, ಮಲದಲ್ಲಿ ಹೋದೀತು ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ಮಾಡಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇವನ್ನು ಎದೆಯ ಬಳಿ ಹಿಡಿಯಬಾರದು.

ದೃಗ್‌ಉಪಕರಣ ತಂತ್ರಜ್ಞ, ಮೈಸೂರು

ಚರ್ಚೆ ಮ್ಯಾಗ್ನೆಟ್ಟಿನ ಸುತ್ತಲೇ ಸಾಗಿದೆ. ನಿಯೋಡಿಮಿಯಮ್‌ಗೆ ಬೆಳಕಿನೊಂದಿಗಿರುವ ನಂಟೂ ಅಷ್ಟೇ ದೊಡ್ಡದು. ಅದೇ 4ಎಫ್ ಎಲೆಕ್ಟ್ರಾನುಗಳು ಕೆಲವೇ ಕಿರಿದಾದ ಬಣ್ಣದ ಪಟ್ಟಿಗಳನ್ನು ಹೀರುತ್ತವೆ. ನಿಯೋಡಿಮಿಯಮ್ ಬೆರೆಸಿದ ಗಾಜು ಬಿಸಿಲಿನಲ್ಲಿ ನಸುನೇರಳೆಯಾಗಿ, ಟ್ಯೂಬ್‌ಲೈಟಿನಲ್ಲಿ ತಿಳಿನೀಲಿಯಾಗಿ ಕಾಣುತ್ತದೆ. ಅದು ಸೋಡಿಯಮ್‌ನ 589 ನ್ಯಾನೋಮೀಟರ್ ಹಳದಿ ಬೆಳಕನ್ನು ಚೆನ್ನಾಗಿ ಹೀರುವುದರಿಂದ, ಗಾಜು ಊದುವ ಕುಶಲಕರ್ಮಿಗಳು ಡಿಡಿಮಿಯಮ್ ಕನ್ನಡಕ ಧರಿಸುತ್ತಾರೆ. ಜ್ವಾಲೆಯ ಕಣ್ಣು ಕೋರೈಸುವ ಹಳದಿ ಮಾಯವಾಗಿ ಒಳಗಿನ ಗಾಜಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

ಯಾಗ್ ಎಂಬ ಯಿಟ್ರಿಯಮ್–ಅಲ್ಯುಮಿನಿಯಮ್ ಹರಳಿಗೆ ಶೇ 1ರಷ್ಟು ನಿಯೋಡಿಮಿಯಮ್ ಬೆರೆಸಿದ ಲೇಸರ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಅದರ 1,064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಮತ್ತೆ ಮಂಜಾದಾಗ ನೇತ್ರವೈದ್ಯರು ಹಿಂದಿನ ಪದರದಲ್ಲಿ ಕಿಂಡಿ ಮಾಡುವುದು ಇದೇ ಲೇಸರಿನಿಂದ. ಆ ಬೆಳಕಿನ ತರಂಗಾಂತರವನ್ನು ಇನ್ನೊಂದು ಹರಳಿನ ಮೂಲಕ ಅರ್ಧಕ್ಕೆ ಇಳಿಸಿದರೆ 532 ನ್ಯಾನೋಮೀಟರ್ ಹಸಿರು ಬರುತ್ತದೆ. ಬಹಳಷ್ಟು ಹಸಿರು ಲೇಸರ್ ಪಾಯಿಂಟರುಗಳೊಳಗೆ ನಡೆಯುವುದು ಇದೇ. ಕಳಪೆ ಪಾಯಿಂಟರುಗಳಲ್ಲಿ ಕಾಣದ ಬೆಳಕೂ ಹೊರಬರುವುದರಿಂದ ಮಕ್ಕಳ ಕೈಗೆ ಕೊಡಬೇಡಿ.

ಪ್ರೌಢಶಾಲಾ ಶಿಕ್ಷಕಿ, ಅರಸೀಕೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಳೆಯ ತರಗತಿಯಲ್ಲಿ ಶೇಕಡಾವಾರು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತೇನೆ. ಶಾಲೆಯಲ್ಲಿ ಕೆಟ್ಟ ಕಂಪ್ಯೂಟರುಗಳಿವೆ. ಅವುಗಳ ಹಾರ್ಡ್‌ಡಿಸ್ಕಿನಲ್ಲಿ ಒಳ್ಳೆಯ ಮ್ಯಾಗ್ನೆಟ್ ಇರುತ್ತದೆ ಎನ್ನುತ್ತಾರೆ. ಅದನ್ನು ಜನರೇಟರಿಗೆ ಬಳಸಬಹುದೇ? ಬಲ ಕಳೆದುಕೊಂಡ ಬಿಲ್ಲೆಯನ್ನು ಏನು ಮಾಡಲಿ?

ಮೋಟಾರ್ ವೈಂಡಿಂಗ್ ಕೆಲಸಗಾರ, ಹುಬ್ಬಳ್ಳಿ

ಬಳಸಬಹುದು ಮೇಡಂ. ಹಾರ್ಡ್‌ಡಿಸ್ಕಿನ ಮುಚ್ಚಳ ತೆಗೆದರೆ ಓದುವ ತೋಳಿನ ಬುಡದಲ್ಲಿ ಬಾಗಿದ ಆಕಾರದ ಮ್ಯಾಗ್ನೆಟ್ಟುಗಳು ಉಕ್ಕಿನ ತಟ್ಟೆಗೆ ಅಂಟಿಕೊಂಡಿರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿದು ಚೂರು ಕಣ್ಣಿಗೆ ಹಾರಬಹುದು, ಆದ್ದರಿಂದ ಕನ್ನಡಕ ಹಾಕಿಕೊಂಡು ದೊಡ್ಡವರೇ ಈ ಕೆಲಸ ಮಾಡಬೇಕು. ಸಾಧ್ಯವಾದರೆ ತಟ್ಟೆಯ ಸಮೇತವೇ ಬಳಸಿ, ಆ ಉಕ್ಕು ಕಾಂತಕ್ಷೇತ್ರವನ್ನು ಬೇಕಾದ ಕಡೆಗೆ ತಿರುಗಿಸಿ ಕೊಡುತ್ತದೆ. ಎರಡು ಅಂಟಿಕೊಂಡರೆ ನೇರವಾಗಿ ಎಳೆಯದೆ ಮೇಜಿನ ಅಂಚಿಗೆ ಒತ್ತಿ ಪಕ್ಕಕ್ಕೆ ಜಾರಿಸಿ ಬಿಡಿಸಬೇಕು. ಬೆಸುಗೆಯನ್ನೆಲ್ಲ ಮೊದಲು ಮುಗಿಸಿ, ಮ್ಯಾಗ್ನೆಟ್ಟನ್ನು ಕೊನೆಯಲ್ಲಿ ಎಪಾಕ್ಸಿ ಅಂಟಿನಿಂದ ಕೂರಿಸಿ.

ಬಲ ಹೋದ ಬಿಲ್ಲೆಯನ್ನು ಎಸೆಯಬೇಡಿ. ಸುಮಾರು ಒಂದಡಿ ಉದ್ದದ ತಾಮ್ರದ ಪೈಪಿನೊಳಗೆ ಒಳ್ಳೆಯ ಬಿಲ್ಲೆಯನ್ನೂ ಅದನ್ನೂ ಒಂದಾದ ಮೇಲೊಂದು ಬಿಡಲು ಮಕ್ಕಳಿಗೆ ಹೇಳಿ. ಒಳ್ಳೆಯದು ಪೈಪಿನ ಗೋಡೆಯಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ನಿಧಾನವಾಗಿ ಇಳಿಯುತ್ತದೆ, ಕೆಟ್ಟದ್ದು ನೇರವಾಗಿ ಬೀಳುತ್ತದೆ. ಎರಡರ ತೂಕ, ಅಳತೆ ಒಂದೇ ಆಗಿರುವುದರಿಂದ ವ್ಯತ್ಯಾಸ ಯಾವುದರದ್ದೆಂದು ಅವರಿಗೇ ಗೊತ್ತಾಗುತ್ತದೆ.